ಕ್ರೆಡಿಟ್ ಕಾಲಂ ನೋಡಿದ್ದೀರಾ?

ನಮಸ್ಕಾರ. ಎಂಎ, ಎಂಎಸ್ಸಿ, ಎಂಕಾಂ ಅಂತ ಬೆಳಗಿನ ಬಸ್ಸಿನಲ್ಲಿ ಕೋಲಾರಕ್ಕೆ ಹೊರಟಿರುವ ಮಕ್ಕಳೇ, ಈ ಮಾತು ನಿಮಗೇ. ಪಕ್ಕದ ಸೀಟಿನವರು ಮಲಗಿದ್ದರೆ ಎಬ್ಬಿಸಿ.

ಅಂಕಪಟ್ಟಿ ಕೈಗೆ ಬಂದ ಕೂಡಲೇ ಎಲ್ಲರೂ ಗ್ರೇಡ್ ನೋಡುತ್ತೀರಿ. ಪಕ್ಕದಲ್ಲಿ ಕ್ರೆಡಿಟ್ ಅಂತ ಒಂದು ಕಾಲಂ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಮೊದಲು ಅದನ್ನು ನೋಡಿ.

ನಮ್ಮ ಟೊಮೆಟೊ ಮಂಡಿಯಲ್ಲಿ ಬರೀ ದರ ಕೇಳಿಕೊಂಡು ಯಾರಾದರೂ ಮನೆಗೆ ಹೋಗುತ್ತಾರಾ? ಎಷ್ಟು ಬಾಕ್ಸ್ ಅಂತಲೂ ಕೇಳುತ್ತಾರೆ, ಅಲ್ವಾ? ಗ್ರೇಡ್ ದರ ಇದ್ದ ಹಾಗೆ, ಕ್ರೆಡಿಟ್ ಬಾಕ್ಸ್ ಇದ್ದ ಹಾಗೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾದರಿಯಲ್ಲಿ ಓ ಗ್ರೇಡಿಗೆ 10 ಪಾಯಿಂಟ್, ಎ ಪ್ಲಸ್‌ಗೆ 9, ಹೀಗೇ ಇಳಿಯುತ್ತಾ ಬಿಗೆ 6, ಸಿಗೆ 5. ಪಾಯಿಂಟನ್ನು ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿ. ಎಸ್‌ಜಿಪಿಎ, ಅಂದರೆ ಒಂದು ಸೆಮಿಸ್ಟರಿನ ಸರಾಸರಿ ಪಾಯಿಂಟ್, ಇಷ್ಟೇ.

ಮುಳಬಾಗಿಲು ಕಡೆಯ ಒಬ್ಬ ಹುಡುಗಿ. ಎಂಎ ಇತಿಹಾಸ. ಒಂದು ದಿನ ಮೈಸೂರ್ ಪಾಕ್ ಡಬ್ಬಿ ಹಿಡಿದು ಮನೆಗೆ ಬಂದಳು. "ಮೇಷ್ಟ್ರೇ, ಸಾಫ್ಟ್ ಕೋರ್‌ನಲ್ಲಿ ಓ ಬಂದಿದೆ!" ಸಾಫ್ಟ್ ಕೋರ್ ಅಂದರೆ ನಾವೇ ಆರಿಸಿಕೊಳ್ಳುವ ಪೇಪರ್. ಓ ಬರದೇ ಇರುತ್ತದಾ? ಆ ಪೇಪರಿಗೋಸ್ಕರ ಆವಣಿಗೆ ಎಷ್ಟು ಸಲ ಹೋಗಿದ್ದಳೋ! ಅಲ್ಲಿನ ನೊಳಂಬರ ಕಾಲದ ಗುಡಿಗಳ ಕಂಬ ಕಂಬವನ್ನೂ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡಿದ್ದಳು. ಆ ಪುಸ್ತಕ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಪ್ಲಾಸ್ಟಿಕ್ ಕವರಿನಿಂದ ಅಂಕಪಟ್ಟಿ ತೆಗೆದಳು. ಆ ಪೇಪರ್ ಬರೀ 2 ಕ್ರೆಡಿಟ್. ಉಳಿದ ಐದು ಪೇಪರ್ ತಲಾ 4 ಕ್ರೆಡಿಟ್, ಎಲ್ಲದರಲ್ಲೂ ಸಿ.

ಪೆನ್ನು ತಗೊಂಡು ಡಬ್ಬಿಯ ಮುಚ್ಚಳದ ಮೇಲೇ ಲೆಕ್ಕ ಹಾಕಿದೆ. ಸಾಫ್ಟ್ ಕೋರ್‌ಗೆ 20, ಉಳಿದವಕ್ಕೆ 100. ಒಟ್ಟು 120. 22 ಕ್ರೆಡಿಟ್‌ನಿಂದ ಭಾಗಿಸಿದರೆ 5.45. ಅವಳ ವಿಶ್ವವಿದ್ಯಾಲಯದಲ್ಲಿ ಅದನ್ನು ಹತ್ತರಿಂದ ಗುಣಿಸಿದರೆ ಶೇಕಡಾವಾರು: 54 ಚಿಲ್ಲರೆ. ನಾಲ್ಕೂ ಸೆಮಿಸ್ಟರ್ ಸೇರಿಸಿದರೂ ಅಷ್ಟೇ. ಕಾಲೇಜಿನಲ್ಲಿ ಪಾಠ ಹೇಳುವ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಎಂಎಯಲ್ಲಿ ಶೇಕಡಾ 55 ಬೇಕು. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 50. ಇವಳು ಸಾಮಾನ್ಯ ವರ್ಗ. 54.9 ಇದ್ದರೂ ಅದನ್ನು 55 ಅಂತ ಎಣಿಸುವುದಿಲ್ಲ.

ಅದೇ ಸಾಫ್ಟ್ ಕೋರ್‌ನಲ್ಲಿ ಒಂದು ಮೆಟ್ಟಿಲು ಇಳಿದು ಎ ಪ್ಲಸ್ ಬಂದಿದ್ದರೆ ಹೋಗುತ್ತಿದ್ದದ್ದು 2. ಒಂದೇ ಒಂದು ದೊಡ್ಡ ಪೇಪರಿನಲ್ಲಿ ಸಿ ಬದಲು ಬಿ ಬಂದಿದ್ದರೆ ಸಿಗುತ್ತಿದ್ದದ್ದು 4. ಆಗ ಒಟ್ಟು 122, ಅಂದರೆ ಆ ಸೆಮಿಸ್ಟರಿಗೆ 55.45. ಪ್ರತಿ ಸೆಮಿಸ್ಟರಿನಲ್ಲೂ ಹೀಗೇ ಆಗಿದ್ದರೆ 55 ದಾಟುತ್ತಿದ್ದಳು. ಹುಡುಗಿ ಮುಚ್ಚಳ ನೋಡುತ್ತಲೇ ಇದ್ದಳು. ನಾನು ಮೈಸೂರ್ ಪಾಕ್ ಬಾಯಿಗಿಟ್ಟುಕೊಂಡವನು ನುಂಗಲಾರದೆ ಕೂತಿದ್ದೆ.

ಆವಣಿಗೆ ಹೋಗಬೇಡಿ ಅಂತ ಹೇಳುತ್ತಿಲ್ಲ, ಖಂಡಿತ ಹೋಗಿ. ಕ್ರೆಡಿಟ್ ನೋಡಿಕೊಂಡು ಹೋಗಿ.

ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಯಿತಂತೆ. ಹಾಜರಾತಿ, ಇಂಟರ್ನಲ್ಸ್, ಮರುಮೌಲ್ಯಮಾಪನ ಎಲ್ಲ ಬರೆದುಕೊಂಡು ಬಂದಿದ್ದೆ. ಇರಲಿ. ಪಿಎಚ್‌ಡಿ ಆಸೆ ಇರುವವರಿಗೆ ಒಂದೇ ಮಾತು: 2022ರ ಯುಜಿಸಿ ನಿಯಮದಂತೆ ಕೋರ್ಸ್‌ವರ್ಕ್, ಅಂದರೆ ಪಿಎಚ್‌ಡಿಯ ಪಾಠದ ಭಾಗದಲ್ಲೂ ಶೇಕಡಾ 55 ಬೇಕು. ಅಲ್ಲೂ ಕ್ರೆಡಿಟ್ ಇದೆ, ಕನಿಷ್ಠ 12.

ಬಸ್ ಇಳಿಯೋದರೊಳಗೆ ಟೈಮ್‌ಟೇಬಲ್ ತೆಗೆದು ಪ್ರತಿ ಪೇಪರಿನ ಮುಂದೆ ಅದರ ಕ್ರೆಡಿಟ್ ಬರೆದುಕೊಳ್ಳಿ. ನಮಸ್ಕಾರ.