ಎರಡು ಸೆಕೆಂಡು ಹಾರುವ ಹಾಡು

ಪೆಟ್ಟಿಗೆ ಇಳಿಸಿದ್ದಾಯಿತು, ಧೂಳು ಒರೆಸಿದ್ದಾಯಿತು, ಅದೆಲ್ಲ ಈ ವಿಡಿಯೋದಲ್ಲಿ ಈಗ ವೇಗವಾಗಿ ಓಡುತ್ತಿದೆ, ನೋಡ್ಕೊಳ್ಳಿ. ಒಳಗಿರುವುದು ಒಂದಷ್ಟು ಕ್ಯಾಸೆಟ್, ಒಂದಷ್ಟು ಮಕ್ಕಳ ಪುಸ್ತಕ, ಅಷ್ಟೇ. ಚಿಕ್ಕವಳಿದ್ದಾಗ ನನ್ನ ಆಸ್ತಿ ಅಂದರೆ ಇದೇ.

ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಬಾಯಲ್ಲೂ ಓಡಾಡುವ ಹಾಡು ನನಗೆ ತುಂಬಾ ಇಷ್ಟ. ಮಕ್ಕಳ ಪುಸ್ತಕ ಈಗಲೂ ಇಷ್ಟ. ಕಾಲೇಜಿನಲ್ಲಿ ಇದನ್ನು ಮುಚ್ಚಿಡುತ್ತಿದ್ದೆ, ಏನು ಕೇಳ್ತೀಯಾ ಅಂತ ಯಾರಾದರೂ ಕೇಳಿದರೆ ನನಗೆ ಒಂದು ಚೂರೂ ಹಿಡಿಸದ ಯಾವುದೋ ಹೆಸರು ಹೇಳಿ ಸುಮ್ನಾಗುತ್ತಿದ್ದೆ. ಅಷ್ಟು ವರ್ಷ ಯಾಕೆ ಹಾಗೆ ಮಾಡಿದೆ ಅಂತ ನನಗೆ ನಿಜವಾಗಿಯೂ ಬೇಜಾರಿದೆ.

ಅಯ್ಯೋ, ನೋಡಿ, ಇದೇ. ಕ್ಯಾಸೆಟ್ ಹಾಕಿ ಹತ್ತು ಸೆಕೆಂಡೂ ಆಗಿಲ್ಲ, ರೀಲು ಸಿಕ್ಕಿಹಾಕಿಕೊಂಡಿತು. ಪ್ಲೇಯರ್ ಒಳಗೆ ರೀಲನ್ನು ಒತ್ತಿ ಎಳೆಯುವ ಪುಟ್ಟ ರಬ್ಬರ್ ಚಕ್ರ ಇರುತ್ತದೆ. ಹಳೆಯದಾದರೆ ಅದು ಅಂಟಂಟಾಗುತ್ತದೆ, ರೀಲು ಅದಕ್ಕೇ ಸುತ್ತಿಕೊಳ್ಳುತ್ತದೆ. ಈಗ ಜೋರಾಗಿ ಎಳೆಯಬಾರದು. ಮುಚ್ಚಳ ತೆಗೆದು, ಬೆರಳಿನ ತುದಿಯಲ್ಲಿ ಒಂದೊಂದೇ ಸುತ್ತು ಬಿಡಿಸಬೇಕು. ಇದಕ್ಕೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು, ನಿಮಗೆ ಪೂರ್ತಿ ತೋರಿಸುತ್ತಿಲ್ಲ.

ಇದೇ ಕ್ಯಾಸೆಟ್ ಹಿಂದೆಯೂ ಒಮ್ಮೆ ಹೀಗೇ ಸಿಕ್ಕಿಕೊಂಡಿತ್ತು. ಆಗ ನನಗೆ ಒಂಬತ್ತು ವರ್ಷ. ಅವಸರದಲ್ಲಿ ಎಳೆದೆ, ರೀಲು ಕಿತ್ತುಬಂತು. ಸುಕ್ಕಾದ ತುಂಡನ್ನು ಕತ್ತರಿಸಿ, ಉಳಿದ ಎರಡು ತುದಿಗೆ ಗಮ್ ಟೇಪ್ ಹಚ್ಚಿದೆ. ಕ್ಯಾಮೆರಾ ಹತ್ತಿರ ತರುತ್ತೇನೆ, ಆ ಹಳದಿ ಚುಕ್ಕೆ ಕಾಣ್ತಾ ಇದೆಯಾ? ಅದೇ ನನ್ನ ಕೈಕೆಲಸ. ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ನಾನು ಕತ್ತರಿಸಿದ್ದು ಹತ್ತು ಸೆಂಟಿಮೀಟರ್ ಇದ್ದೀತು. ಅಂದರೆ ಎರಡು ಸೆಕೆಂಡು ಹಾಡು ಹೋಯಿತು. ಅಷ್ಟೇ ಅಲ್ಲ, ಒಂದೇ ರೀಲಿನ ಅರ್ಧ ಅಗಲದಲ್ಲಿ ಎ ಸೈಡು, ಇನ್ನರ್ಧದಲ್ಲಿ ಬಿ ಸೈಡು ಇರುತ್ತದೆ ಅಲ್ವಾ, ಹಾಗಾಗಿ ಆ ಕಡೆಯ ಇನ್ನೊಂದು ಹಾಡಿನ ಪಲ್ಲವಿಯೂ ನಡುವೆ ತುಂಡಾಯಿತು. ಅಕ್ಕನಿಗೆ ಇಷ್ಟವಾಗಿದ್ದು ಆ ಹಾಡು. ಒಂದು ವಾರ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಆಮೇಲೆ ನೂರಾರು ಸಲ ಹಾಗೇ ಕೇಳಿದ್ದೇವೆ. ನಾವು ಹಾಡುವಾಗಲೂ ಅಲ್ಲಿಗೆ ಬಂದ ತಕ್ಷಣ ಇಬ್ಬರೂ ಒಟ್ಟಿಗೆ ಮುಂದಿನ ಮಾತಿಗೆ ಹಾರುತ್ತಿದ್ದೆವು. ಫೋನಿನಲ್ಲಿ ಹಾಡು ಕೇಳುವುದರಲ್ಲಿ ಏನೂ ಮಜಾ ಇಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ, ಅಲ್ಲಿ ಎಲ್ಲರಿಗೂ ಒಂದೇ ಹಾಡು. ಇಲ್ಲ, ತಪ್ಪು ಹೇಳಿದೆ. ಫೋನು ಇಲ್ಲದಿದ್ದರೆ ಆ ಎರಡು ಸೆಕೆಂಡಿನಲ್ಲಿ ಏನಿತ್ತು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಕಳೆದ ವರ್ಷ ಕೇಳಿದೆ. ಒಂದು ಉಸಿರು ಎಳೆದುಕೊಳ್ಳುವ ಸದ್ದು, ಆಮೇಲೆ ಎರಡೇ ಎರಡು ಮಾತು. ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ.

ಸರಿ, ಪುಸ್ತಕ. ಬೆಳಕು ಹೋಗುತ್ತಿದೆ, ಬೇಗ ಹೇಳುತ್ತೇನೆ. ಇದಕ್ಕೆ 32 ಪುಟ. ಚಿತ್ರದ ಪುಸ್ತಕಗಳು ಹೆಚ್ಚಾಗಿ ಇಷ್ಟೇ ಇರುತ್ತವೆ, ಯಾಕೆಂದರೆ ದೊಡ್ಡ ಹಾಳೆಯನ್ನು ಎರಡೂ ಕಡೆ ಮುದ್ರಿಸಿ ಮಡಚಿದರೆ 16 ಪುಟ, ಅಂಥವು ಎರಡು ಸೇರಿದರೆ 32. ಹಾಡಿನದೂ ಅದೇ ಕತೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಹತ್ತು ಇಂಚಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಸುಮಾರು 3 ನಿಮಿಷ. ಆ ತಟ್ಟೆ ಹೋದರೂ ಅಳತೆ ಉಳಿಯಿತು. ಇವನ್ನು ಹಗುರ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. 3 ನಿಮಿಷದಲ್ಲಿ ಕೇಳುವವರ ಕಣ್ಣಲ್ಲಿ ನೀರು ತರಿಸಬೇಕು, 32 ಪುಟದಲ್ಲಿ ಒಂದು ಮಗುವನ್ನು ಹೆದರಿಸಿ ಮತ್ತೆ ಸಮಾಧಾನ ಮಾಡಿ ಮಲಗಿಸಬೇಕು. ಒಂದು ಮಾತು ಜಾಸ್ತಿಯಾದರೂ ಕೆಡುತ್ತದೆ. ಅದೂ ಒಮ್ಮೆ ಓದಿದರೆ ಸಾಲದು, ಇನ್ನೊಂದ್ಸಲ, ಇನ್ನೊಂದ್ಸಲ ಅನ್ನುತ್ತಾರೆ ಮಕ್ಕಳು. ಇನ್ನೊಂದ್ಸಲ ಅನ್ನಿಸದ ದಪ್ಪ ಪುಸ್ತಕ ಎಷ್ಟೋ ಓದಿದ್ದೇನೆ ನಾನು.

ಇಲ್ಲಿ ನೋಡಿ, ನಡು ಪುಟ. ಹದಿನಾರು, ಹದಿನೇಳು. ಎರಡೂ ಪುಟ ತುಂಬಾ ಬರೀ ನದಿ, ಒಂದು ಅಕ್ಷರವೂ ಇಲ್ಲ. ನಡುವಿನ ಹಾಳೆ ಅಖಂಡವಾಗಿ ಒಂದೇ ಆಗಿರುವುದರಿಂದ ನದಿ ಎಲ್ಲೂ ಮುರಿದಿಲ್ಲ. ಎರಡು ಪಿನ್ನು ಮಾತ್ರ ತುಕ್ಕು ಹಿಡಿದು ನೀರಿಗೆ ಕಂದು ಬಣ್ಣ ಬಿಟ್ಟಿವೆ. ಚಿಕ್ಕವಳಿದ್ದಾಗ ಅವು ದೋಣಿ ಕಟ್ಟುವ ಗೂಟ ಅಂದುಕೊಂಡಿದ್ದೆ. ಓದಿ ಹೇಳುವಾಗ ಅಮ್ಮ ಈ ಪುಟ ಬಂದರೆ ಏನೂ ಹೇಳದೆ ಸುಮ್ನೆ ಕೂರುತ್ತಿದ್ದಳು, ನಾನು ಸಾಕು ಅನ್ನುವವರೆಗೆ.

ಆಯ್ತು, ಬ್ಯಾಟರಿ ಕೆಂಪು ತೋರಿಸುತ್ತಿದೆ. ರಬ್ಬರ್ ಚಕ್ರ ಒರೆಸಿದೆ, ಪೆನ್ಸಿಲ್ ತೂರಿಸಿ ರೀಲು ಬಿಗಿ ಮಾಡಿದೆ. ಹಾಡು ಪೂರ್ತಿ ಹಾಕುವ ಹಾಗಿಲ್ಲ, ಹಾಡಿನ ಹಕ್ಕಿರುವವರು ವಿಡಿಯೋವನ್ನೇ ತೆಗೆದುಹಾಕಿಸುತ್ತಾರೆ, ಆ ಜಾಗ ಮಾತ್ರ ಕೇಳಿಸುತ್ತೇನೆ. ಬರ್ತಾ ಇದೆ, ತಡೀರಿ, ಇನ್ನೊಂದು ಸಾಲು... ಹಾಂ, ಹಾರಿತು. ಕೇಳಿಸಿತಾ?