ಹೊಸ ಗೇಮ್ ಕನ್ಸೋಲ್‌ಗೆ 450 ಡಾಲರ್ ಜಾಸ್ತಿಯಾಯ್ತಾ? ಡಬ್ಬಿ ಮೇಲಿನ ಬೆಲೆ ಹೇಳದ ಲೆಕ್ಕ

[ತೆರೆಯ ಮೇಲೆ: ಸ್ವಿಚ್ 2, ಪಕ್ಕದಲ್ಲಿ 449.99 ಡಾಲರ್]

2025ರ ಏಪ್ರಿಲ್ 2. ನಿಂಟೆಂಡೊ ತನ್ನ ಹೊಸ ಕನ್ಸೋಲ್ ಸ್ವಿಚ್ 2ನ ಪರಿಚಯಿಸೋಕೆ ಆನ್‌ಲೈನ್‌ನಲ್ಲಿ ಒಂದು ದೊಡ್ಡ ಕಾರ್ಯಕ್ರಮ ಮಾಡ್ತು. ಗೇಮ್‌ಗಳನ್ನ ತೋರಿಸಿದ್ರು, ದೊಡ್ಡ ಸ್ಕ್ರೀನ್ ತೋರಿಸಿದ್ರು, ಮೌಸ್ ತರ ಮೇಜಿನ ಮೇಲೆ ಓಡಿಸಬಹುದಾದ ಜಾಯ್-ಕಾನ್ ಅನ್ನೋ ಕಂಟ್ರೋಲರ್ ತೋರಿಸಿದ್ರು. ಬೆಲೆ ಎಷ್ಟು ಅಂತ ಮಾತ್ರ ಬಾಯಿ ಬಿಡ್ಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ವೆಬ್‌ಸೈಟ್ ನೋಡಿದವರಿಗೆ ಗೊತ್ತಾಯ್ತು: ಅಮೆರಿಕದಲ್ಲಿ 449.99 ಡಾಲರ್. ಅದರ ಜೊತೆಗೇ ಬಿಡುಗಡೆಯಾಗೋ ಮಾರಿಯೋ ಕಾರ್ಟ್ ವರ್ಲ್ಡ್ ಅನ್ನೋ ಒಂದೇ ಒಂದು ಗೇಮ್‌ಗೆ ಬೇರೆ 79.99 ಡಾಲರ್.

ಆಮೇಲೆ ನಿಂಟೆಂಡೊ ಗೇಮ್‌ಗಳನ್ನ ಲೈವ್ ಆಗಿ ಆಡಿ ತೋರಿಸ್ತಿದ್ರೆ, ಚಾಟ್ ತುಂಬಾ ಒಂದೇ ಮಾತು. ಬೆಲೆ ಇಳಿಸಿ, ಬೆಲೆ ಇಳಿಸಿ, ಬೆಲೆ ಇಳಿಸಿ.

ಜೂನ್ 5ಕ್ಕೆ ಕನ್ಸೋಲ್ ಮಾರಾಟಕ್ಕೆ ಬಂತು. ಇಳಿಸದ ಅದೇ ಬೆಲೆಗೆ, ನಾಲ್ಕೇ ದಿನದಲ್ಲಿ ಪ್ರಪಂಚದಾದ್ಯಂತ 35 ಲಕ್ಷಕ್ಕೂ ಹೆಚ್ಚು ಖರ್ಚಾಯ್ತು.

ಹಾಗಂತ ಕೂಗಿದವರದ್ದೇ ತಪ್ಪು ಅಂತ ನಾನು ಹೇಳಲ್ಲ. ಅವರ ಸಿಟ್ಟಿಗೆ ಕಾರಣ ಇದೆ. ಆದ್ರೆ ಎಲ್ಲರ ಕಣ್ಣೂ ಆ 450ರ ಮೇಲೇ ನೆಟ್ಟಿರೋದ್ರಿಂದ ದುಡ್ಡು ನಿಜವಾಗಿ ಸೋರೋ ಜಾಗ ಕಾಣಿಸ್ತಿಲ್ಲ. ಇವತ್ತು ಅದನ್ನೇ ನೋಡೋಣ. ಕಂಪನಿಗಳು ಬೆಲೆ ಹೇಳೋದು ಡಾಲರ್‌ನಲ್ಲಿ, ಹಳೆಯ ಬೆಲೆಗಳ ಜೊತೆ ಹೋಲಿಸೋಕೂ ಅದೇ ಸುಲಭ. ಅದಕ್ಕೇ ಲೆಕ್ಕವನ್ನೆಲ್ಲ ಡಾಲರ್‌ನಲ್ಲೇ ಇಡ್ತೀನಿ.

[ತೆರೆಯ ಮೇಲೆ: ಹಳೆಯ ಕನ್ಸೋಲ್‌ಗಳ ಸಾಲು, ಬಿಡುಗಡೆಯ ವರ್ಷ ಮತ್ತು ಬೆಲೆ]

ಈ ಚರ್ಚೆ ಬಂದಾಗಲೆಲ್ಲ ಒಂದು ವಾದ ಬಂದೇ ಬರುತ್ತೆ. "ಹಣದುಬ್ಬರ ಲೆಕ್ಕ ಹಾಕಿ ಸ್ವಾಮಿ, ಹಳೆಯ ಕನ್ಸೋಲ್‌ಗಳೇ ದುಬಾರಿ ಇದ್ವು!" ಅಂಕಿ ನೋಡಿದ್ರೆ ಸುಳ್ಳಲ್ಲ. 1995ರಲ್ಲಿ ಸೋನಿಯ ಮೊದಲ ಪ್ಲೇಸ್ಟೇಷನ್ 299 ಡಾಲರ್ ಇತ್ತು, ಅದು ಈಗಿನ ಲೆಕ್ಕದಲ್ಲಿ 600 ಡಾಲರ್ ದಾಟುತ್ತೆ. 2006ರ ಪ್ಲೇಸ್ಟೇಷನ್ 3ರ ದುಬಾರಿ ಮಾಡೆಲ್ 599 ಡಾಲರ್. ಅದನ್ನ ಈಗಿನ ಹಣಕ್ಕೆ ತಿರುಗಿಸಿದ್ರೆ 900ರ ಮೇಲೆ. 2017ರ ಮೊದಲ ಸ್ವಿಚ್‌ನ 299 ಈಗ ಹತ್ತಿರ ಹತ್ತಿರ 400. ಅಂದ್ರೆ ಸ್ವಿಚ್ 2 ತನ್ನ ಅಣ್ಣನಿಗಿಂತ ನಿಜವಾಗಿ ದುಬಾರಿಯಾಗಿರೋದು ಸುಮಾರು 50 ಡಾಲರ್ ಅಷ್ಟೇ.

ಲೆಕ್ಕ ಸರಿ, ಆದ್ರೆ ಅರ್ಧ. ಆ ಹಳೆಯ ಕನ್ಸೋಲ್‌ಗಳನ್ನ ಹೆಚ್ಚಿನ ಜನ ಮೊದಲ ದಿನದ ಬೆಲೆಗೆ ಕೊಂಡವರೇ ಅಲ್ಲ. ಕಾದು, ಬೆಲೆ ಇಳಿದ ಮೇಲೆ ತಗೊಂಡವರು. ಪ್ಲೇಸ್ಟೇಷನ್ 2ನೇ ನೋಡಿ. 2000ದಲ್ಲಿ 299, 2002ರಲ್ಲಿ 199, 2004ರಲ್ಲಿ 149, 2009ಕ್ಕೆ ಬಂದ್ರೆ 99. ಒಟ್ಟು 16 ಕೋಟಿ ಮಾರಾಟ ಆಗಿದ್ದು ಹೀಗೆ. ಡಿವಿಡಿ ಪ್ಲೇಯರ್ ಕೂಡ ಅದೇ ಆಗಿತ್ತು ಅನ್ನೋದೂ ಸಹಾಯ ಮಾಡ್ತು, ಆದ್ರೆ ದುಡ್ಡು ಕಮ್ಮಿ ಇದ್ದವರ ಮನೆಗೆ ಅದನ್ನ ತಲುಪಿಸಿದ್ದು ಇಳಿದ ಬೆಲೆ.

ಈಗ ಇವತ್ತಿನದನ್ನ ನೋಡಿ. ಪ್ಲೇಸ್ಟೇಷನ್ 5, ಡಿಸ್ಕ್ ಇರೋ ಮಾಡೆಲ್, 2020ರಲ್ಲಿ 499.99 ಡಾಲರ್. ಐದು ವರ್ಷ ಹಳೆಯದಾದ ಮೇಲೆ, 2025ರ ಆಗಸ್ಟ್‌ನಲ್ಲಿ, ಅಮೆರಿಕದಲ್ಲಿ 549.99. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅಂತೂ 499.99ರಿಂದ ಶುರುವಾಗಿ, 2025ರ ಒಂದೇ ವರ್ಷದಲ್ಲಿ ಎರಡು ಸಲ ಏರಿ 649.99 ಆಯ್ತು. ಬಡವರ ಕನ್ಸೋಲ್ ಅನ್ನಿಸಿಕೊಂಡಿದ್ದ ಸೀರೀಸ್ ಎಸ್ 299ರಿಂದ 399ಕ್ಕೆ ಹೋಯ್ತು. ಎಂಟು ವರ್ಷ ಹಳೆಯ ಮೊದಲ ಸ್ವಿಚ್‌ನ ಬೆಲೆಯೂ ಏರಿತು!

ಹಳೆಯದಾದಷ್ಟೂ ದುಬಾರಿ. ಕನ್ಸೋಲ್‌ಗಳ ಚರಿತ್ರೆಯಲ್ಲಿ ಹೀಗಾಗಿದ್ದು ತೀರಾ ಅಪರೂಪ. ನನ್ನ ಪ್ರಕಾರ ಜನರ ಸಿಟ್ಟು ಮುಟ್ಟಬೇಕಾದ್ದು ಇಲ್ಲಿಗೆ. ಯಾಕಂದ್ರೆ "ಸ್ವಲ್ಪ ಕಾಯೋಣ, ಇಳಿಯುತ್ತೆ" ಅನ್ನೋ ದಾರಿ ಇಷ್ಟು ದಿನ ದುಡ್ಡು ಕಮ್ಮಿ ಇದ್ದವರನ್ನೂ ಆಟದ ಒಳಗೆ ಕರ್ಕೊಂಡು ಬರ್ತಿತ್ತು. ಆ ದಾರಿ ಮುಚ್ಚಿಕೊಳ್ತಿದೆ.

[ತೆರೆಯ ಮೇಲೆ: ಮೊದಲ ಪ್ಲೇಸ್ಟೇಷನ್ 3 ಮತ್ತು 2009ರ ಸ್ಲಿಮ್, ಅಕ್ಕಪಕ್ಕ]

ಯಾಕೆ ಇಳಿಯಲ್ಲ? ಅದಕ್ಕೆ ಮೊದಲು, ಯಾಕೆ ಇಳೀತಿತ್ತು ಅಂತ ನೋಡಬೇಕು. ಈ ಎರಡೂ ಪ್ಲೇಸ್ಟೇಷನ್ 3. ಎಡಗಡೆ ಇರೋದು 2006ರದ್ದು, ಐದು ಕೆಜಿ ತೂಕ, ಎರಡೂ ಕೈ ಬೇಕು ಎತ್ತೋಕೆ. ಒಳಗಿದ್ದ ಸೆಲ್ ಅನ್ನೋ ಪ್ರೊಸೆಸರ್ 90 ನ್ಯಾನೋಮೀಟರ್ ತಂತ್ರದ್ದು (ಈ ಅಂಕಿ ಇಳಿದಷ್ಟೂ ಅದೇ ಚಿಪ್ ಚಿಕ್ಕದಾಗುತ್ತೆ). ಬಲಗಡೆಯದ್ದು 2009ರದ್ದು, ಅದೇ ಸೆಲ್ 45 ನ್ಯಾನೋಮೀಟರ್‌ಗೆ ಇಳಿದಿತ್ತು. ಚಿಪ್ ಚಿಕ್ಕದಾದ್ರೆ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಜಾಸ್ತಿ ಚಿಪ್ ಸಿಗುತ್ತೆ. ಕರೆಂಟ್ ಕಮ್ಮಿ ಎಳೆಯುತ್ತೆ, ಬಿಸಿ ಕಮ್ಮಿ ಆಗುತ್ತೆ. ಬಿಸಿ ಕಮ್ಮಿ ಆದ್ರೆ ಫ್ಯಾನ್ ಚಿಕ್ಕದು, ಪವರ್ ಸಪ್ಲೈ ಚಿಕ್ಕದು, ಡಬ್ಬಿ ಚಿಕ್ಕದು, ಹಡಗಿನಲ್ಲಿ ಸಾಗಿಸೋ ಖರ್ಚೂ ಕಮ್ಮಿ. ತೂಕ ಮೂರು ಕೆಜಿಯ ಆಸುಪಾಸಿಗೆ ಬಂತು, ಬೆಲೆ 299ಕ್ಕೆ ಬಂತು.

ಹತ್ತಿರದಿಂದ ನೋಡಿದ್ರೆ ಇನ್ನೊಂದು ವಿಷಯ ಕಾಣುತ್ತೆ. ಹಳೆಯ 60 ಜಿಬಿ ಮಾಡೆಲ್‌ನ ಮುಂದೆ ನಾಲ್ಕು ಯುಎಸ್‌ಬಿ ಕಿಂಡಿ, ಮೆಮೊರಿ ಕಾರ್ಡ್ ಹಾಕೋ ಜಾಗ, ಒಳಗೆ ಪ್ಲೇಸ್ಟೇಷನ್ 2ರ ಚಿಪ್‌ಗಳೇ ಇದ್ವು. ಹಳೆಯ ಗೇಮ್‌ಗಳಲ್ಲಿ ಹೆಚ್ಚಿನವು ಓಡ್ತಿದ್ವು. ಸ್ಲಿಮ್‌ನಲ್ಲಿ ಎರಡೇ ಯುಎಸ್‌ಬಿ, ಕಾರ್ಡ್ ಜಾಗ ಇಲ್ಲ, ಪ್ಲೇಸ್ಟೇಷನ್ 2ರ ಡಿಸ್ಕ್ ಹಾಕಿದ್ರೆ ಓಡಲ್ಲ. ಬೆಲೆ ಇಳಿದಿದ್ದರ ಒಂದು ಪಾಲು ಹೀಗೆ ಕಿತ್ತು ಹಾಕಿದ್ದರಿಂದಲೂ ಬಂತು.

ಈಗ ಚಿಪ್ ಕುಗ್ಗಿಸೋ ಲಾಭ ಬತ್ತಿ ಹೋಗ್ತಿದೆ. ಪ್ಲೇಸ್ಟೇಷನ್ 5ರ ಚಿಪ್ 7 ನ್ಯಾನೋಮೀಟರ್‌ನಿಂದ 6ಕ್ಕೆ ಬಂತು, ಅಷ್ಟೇ. ಹೊಸ ತಂತ್ರದಲ್ಲಿ ಚಿಪ್ ಚಿಕ್ಕದಾದ್ರೂ ಆ ಸಿಲಿಕಾನ್ ಬಿಲ್ಲೆಯ ಬೆಲೆಯೇ ಏರಿರೋದ್ರಿಂದ ಮೊದಲಿನಷ್ಟು ಉಳಿತಾಯ ಸಿಗಲ್ಲ. ಇದರ ಮೇಲೆ ಸುಂಕ. ಸ್ವಿಚ್ 2ರ ಬೆಲೆ ಹೊರಬಿದ್ದ ದಿನವೇ ಅಮೆರಿಕ ಹೊಸ ಆಮದು ಸುಂಕಗಳನ್ನ ಘೋಷಿಸ್ತು. ನಿಂಟೆಂಡೊ ಅಲ್ಲಿನ ಮುಂಗಡ ಬುಕಿಂಗನ್ನ ಏಪ್ರಿಲ್ 9ರಿಂದ 24ಕ್ಕೆ ತಳ್ಳಿ, ಕನ್ಸೋಲ್ ಬೆಲೆ ಹಾಗೇ ಇಟ್ಟು, ಕಂಟ್ರೋಲರ್‌ನಂಥ ಬಿಡಿ ಸಾಮಾನುಗಳ ಬೆಲೆ ಏರಿಸ್ತು. ವರ್ಷದ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆಯೂ ಏರಿತು. ಪ್ರತಿ ಕನ್ಸೋಲ್ ಒಳಗೂ ಅದೇ ಮೆಮೊರಿ ಇರೋದು.

ಆದ್ರೆ ಎಲ್ಲವನ್ನೂ ತಯಾರಿಕೆ ಖರ್ಚಿನ ತಲೆಗೆ ಕಟ್ಟೋಕಾಗಲ್ಲ. ಜಪಾನ್‌ನಲ್ಲಿ ಇದೇ ಸ್ವಿಚ್ 2 ಎರಡು ಬೆಲೆಗೆ ಬಂತು. ಜಪಾನಿ ಭಾಷೆಯಲ್ಲಷ್ಟೇ ನಡೆಯೋದು 49,980 ಯೆನ್, ಎಲ್ಲ ಭಾಷೆಯದ್ದು 69,980 ಯೆನ್. ಸುಮ್ನೆ ಭಾಷೆಯ ಸೆಟ್ಟಿಂಗ್‌ಗೆ 20,000 ಯೆನ್ ಖರ್ಚಾಗುತ್ತಾ? ಖಂಡಿತ ಇಲ್ಲ. ಯೆನ್ ಬಿದ್ದು ಹೋಗಿತ್ತು, ತನ್ನ ಊರಿನ ಗಿರಾಕಿಯನ್ನ ಕಳ್ಕೊಳ್ಳೋಕೆ ಕಂಪನಿಗೆ ಇಷ್ಟ ಇರಲಿಲ್ಲ. ಕೊಳ್ಳೋನು ಎಷ್ಟು ತಾಳ್ಕೊತಾನೆ ಅನ್ನೋದೂ ಬೆಲೆಯೊಳಗೆ ಸೇರಿರುತ್ತೆ.

[ತೆರೆಯ ಮೇಲೆ: ಖಾಲಿ ಬಿಲ್, ಒಂದೊಂದೇ ಸಾಲು ತುಂಬುತ್ತೆ]

ಸರಿ, ಈಗ ನಿಮ್ಮ ಜೇಬಿನ ಲೆಕ್ಕಕ್ಕೆ ಬರೋಣ. ಬಿಡುಗಡೆಯ ಬೆಲೆಯಲ್ಲಿ ಸ್ವಿಚ್ 2 ಕನ್ಸೋಲ್ 450. ಐದು ವರ್ಷ ಇಟ್ಕೊತೀರಿ ಅಂದ್ಕೊಳ್ಳಿ. ವರ್ಷಕ್ಕೆ ನಾಲ್ಕು ಹೊಸ ಗೇಮ್, ಒಂದಕ್ಕೆ 70 ಡಾಲರ್ ಹಿಡಿದ್ರೆ 1,400. ಆನ್‌ಲೈನ್ ಆಡೋಕೆ ನಿಂಟೆಂಡೊ ವರ್ಷಕ್ಕೆ 20 ಡಾಲರ್ ತಗೊಳ್ಳುತ್ತೆ, ಐದು ವರ್ಷಕ್ಕೆ 100. ಒಟ್ಟು 1,950. ಆ 450 ಇದರಲ್ಲಿ ಕಾಲು ಭಾಗವೂ ಇಲ್ಲ.

ಕಂಪನಿಗಳಿಗೆ ಇದು ಬಹಳ ಹಿಂದೆಯೇ ಗೊತ್ತು. ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಕೇಸಿನಲ್ಲಿ, 2021ರಲ್ಲಿ, ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು ಕೋರ್ಟ್‌ನಲ್ಲೇ ಹೇಳಿದ್ರು: ಎಕ್ಸ್‌ಬಾಕ್ಸ್ ಕನ್ಸೋಲ್ ಮಾರಿ ನಾವು ಯಾವತ್ತೂ ಲಾಭ ಮಾಡಿಲ್ಲ ಅಂತ. ಲಾಭ ಬರೋದು ಗೇಮ್‌ನಲ್ಲಿ, ಚಂದಾದಲ್ಲಿ. ಡಿಜಿಟಲ್ ಅಂಗಡಿಯಲ್ಲಿ ಗೇಮ್ ಮಾರಾಟ ಆದ್ರೆ ಸಾಮಾನ್ಯವಾಗಿ ಸುಮಾರು 30% ಅಂಗಡಿ ಇಟ್ಟವನಿಗೆ. ಚಂದಾ ಏರಿಸಿದ್ರೆ ಯಾರೂ ಚಾಟ್‌ನಲ್ಲಿ ಅಷ್ಟು ಕೂಗಲ್ಲ. ಸೋನಿ 2023ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್‌ನಲ್ಲಿ ಆನ್‌ಲೈನ್ ಆಡೋಕೆ ಬೇಕಾದ ಪಿಎಸ್ ಪ್ಲಸ್‌ನ ಎಲ್ಲಕ್ಕಿಂತ ಅಗ್ಗದ ವಾರ್ಷಿಕ ಚಂದಾವನ್ನೇ 60ರಿಂದ 80 ಡಾಲರ್‌ಗೆ ಏರಿಸ್ತು. ಐದು ವರ್ಷಕ್ಕೆ 100 ಡಾಲರ್ ಜಾಸ್ತಿ. ಅದು ಕನ್ಸೋಲ್ ಬೆಲೆ 100 ಡಾಲರ್ ಏರಿಸಿದ್ದಕ್ಕೆ ಸಮ.

ಹಾಗಾಗಿ ನನ್ನ ಸಲಹೆ ನೇರ. ಕನ್ಸೋಲ್ ಬೆಲೆ 50 ಡಾಲರ್ ಇಳೀಲಿ ಅಂತ ವರ್ಷಗಟ್ಟಲೆ ಕಾಯಬೇಡಿ. ಇಳಿದ್ರೂ ಒಟ್ಟು ಖರ್ಚಿನಲ್ಲಿ ಅದು ಶೇಕಡಾ ಮೂರರಷ್ಟೂ ಅಲ್ಲ. ಕಾಯೋದಿದ್ರೆ ಗೇಮ್‌ಗಾಗಿ ಕಾಯಿರಿ. 2011ರಲ್ಲಿ ನಿಂಟೆಂಡೊ 3ಡಿಎಸ್ 249.99 ಡಾಲರ್‌ಗೆ ಬಂದು, ಆಡೋಕೆ ಒಳ್ಳೆಯ ಗೇಮ್ ಇಲ್ಲದೆ ಮಾರಾಟ ಬಿದ್ದು, ಐದು ತಿಂಗಳೊಳಗೆ 169.99ಕ್ಕೆ ಇಳೀತು. ಮೊದಲು ಕೊಂಡವರ ಸಮಾಧಾನಕ್ಕೆ 20 ಹಳೆಯ ಗೇಮ್‌ಗಳನ್ನ ಬಿಟ್ಟಿ ಕೊಟ್ರು. ಸೋತ ಕನ್ಸೋಲ್‌ನ ಬೆಲೆ ಹಾಗೆ ಇಳಿಯುತ್ತೆ. ನಾಲ್ಕು ದಿನದಲ್ಲಿ 35 ಲಕ್ಷ ಮಾರಿದ್ದರ ಬೆಲೆಯನ್ನ ಯಾರು ಇಳಿಸ್ತಾರೆ?

ಇನ್ನು ಮೌಲ್ಯದ ಮಾತು. "ಗಂಟೆಗೆ ಎಷ್ಟು ಡಾಲರ್" ಅಂತ ಭಾಗಿಸಿ ನೋಡೋ ಅಭ್ಯಾಸ ತುಂಬಾ ಜನಕ್ಕಿದೆ. ನನಗೆ ಅದು ಹಿಡಿಸಲ್ಲ. ಎಂಟು ಗಂಟೆಯ ಒಳ್ಳೆ ಗೇಮ್ ವರ್ಷಗಟ್ಟಲೆ ನೆನಪಲ್ಲಿ ಉಳಿಯುತ್ತೆ, ನೂರು ಗಂಟೆ ಎಳೆಯೋ ಗೇಮ್ ಅರ್ಧಕ್ಕೇ ಬೇಜಾರು ಬರುತ್ತೆ. ನಾನು ಕೇಳೋ ಪ್ರಶ್ನೆ ಬೇರೆ: ಈಗ ಕೈಯಲ್ಲಿರೋ ಮಶೀನ್‌ನಲ್ಲಿ ಓಡದ, ಅಥವಾ ನೆಟ್ಟಗೆ ಓಡದ, ಯಾವ ಗೇಮ್ ನಿಮಗೆ ಈ ತಿಂಗಳೇ ಆಡಬೇಕು? ಹೆಸರು ಹೇಳೋಕೆ ಬಂದ್ರೆ ಕೊಳ್ಳಿ. ಬರ್ಲಿಲ್ಲ ಅಂದ್ರೆ ಬೇಡ.

"ನೆಟ್ಟಗೆ ಓಡದ" ಅಂತ ಸುಮ್ನೆ ಹೇಳ್ಲಿಲ್ಲ. ಪೋಕೆಮಾನ್ ಸ್ಕಾರ್ಲೆಟ್ ಮತ್ತು ವೈಲೆಟ್ ಮೊದಲ ಸ್ವಿಚ್‌ನಲ್ಲಿ ಹೇಗೆ ತಡವರಿಸ್ತಿತ್ತು ಅಂತ ಆಡಿದವರಿಗೆ ಗೊತ್ತು. ಸ್ವಲ್ಪ ದೂರದಲ್ಲಿರೋ ಪಾತ್ರಗಳು ಫ್ಲಿಪ್ ಪುಸ್ತಕದ ಚಿತ್ರದ ಹಾಗೆ ಹೆಜ್ಜೆ ಹೆಜ್ಜೆಗೂ ನಿಂತು ನಿಂತು ಚಲಿಸ್ತಿದ್ವು. ಸ್ವಿಚ್ 2ರಲ್ಲಿ ಬಿಟ್ಟಿ ಅಪ್‌ಡೇಟ್ ಹಾಕಿದ್ರೆ ಅದೇ ಗೇಮ್ ನಯವಾಗಿ ಓಡುತ್ತೆ. ಜೆಲ್ಡಾ ಸರಣಿಯ ಎರಡು ದೊಡ್ಡ ಗೇಮ್‌ಗಳ ಅಪ್‌ಗ್ರೇಡ್‌ಗೆ ತಲಾ 9.99 ಡಾಲರ್. ಹಳೆಯ ಗೇಮ್‌ಗಳ ರಾಶಿ ಇಟ್ಕೊಂಡವರಿಗೆ ಹೊಸ ಕನ್ಸೋಲ್ ಕೊಡೋ ಮೊದಲ ಲಾಭ ಇದೇ, ಮತ್ತೆ ಅದು ದೊಡ್ಡದು. ಹೊಸದಾಗಿ ಶುರು ಮಾಡೋರಿಗೆ ಈ ಲಾಭ ಇಲ್ಲ.

[ತೆರೆಯ ಮೇಲೆ: ಗೇಮ್ ಡಬ್ಬಿಯ ಮುಂಭಾಗ, ಕೆಳಗಿನ ಪಟ್ಟಿ ದೊಡ್ಡದಾಗಿ]

ಕೊನೆಯದಾಗಿ, ಅಂಗಡಿಗೆ ಹೋಗೋ ಮೊದಲು ಇದನ್ನ ಗಮನಿಸಿ. ಸ್ವಿಚ್ 2ರ ಕೆಲವು ಗೇಮ್ ಡಬ್ಬಿಗಳ ಮುಂದೆ, ಕೆಳಗಡೆ, ಗೇಮ್-ಕೀ ಕಾರ್ಡ್ ಅಂತ ಬರೆದಿರುತ್ತೆ. ಒಳಗೆ ಕಾರ್ಡ್ ಇರುತ್ತೆ, ಕಾರ್ಡ್ ಒಳಗೆ ಗೇಮ್ ಇರಲ್ಲ. ಕನ್ಸೋಲ್‌ಗೆ ಹಾಕಿ ಇಂಟರ್ನೆಟ್‌ನಿಂದ ಇಡೀ ಗೇಮ್ ಡೌನ್‌ಲೋಡ್ ಮಾಡ್ಕೋಬೇಕು, ಆಮೇಲೂ ಆಡುವಾಗ ಕಾರ್ಡ್ ಒಳಗೇ ಇರಬೇಕು. ಮಾರಬಹುದು, ಗೆಳೆಯರಿಗೆ ಕೊಡಬಹುದು, ಅದು ಒಳ್ಳೆಯದೇ. ಆದ್ರೆ ಒಳಗಿರೋ 256 ಜಿಬಿ ಬೇಗ ತುಂಬುತ್ತೆ. ಹಳೆಯ ಸ್ವಿಚ್‌ನ ಮೆಮೊರಿ ಕಾರ್ಡ್ ತೆಗೆದು ಇದಕ್ಕೆ ಹಾಕೋಣ ಅಂದ್ರೆ ಗೇಮ್ ಇಡೋಕೆ ಅದು ಆಗಲ್ಲ, ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಅನ್ನೋ ಹೊಸ ಬಗೆಯದ್ದೇ ಬೇಕು, ಅದು ಇನ್ನೂ ದುಬಾರಿ. ಸೈಬರ್‌ಪಂಕ್ 2077ನಂಥ ದೊಡ್ಡ ಗೇಮ್ 64 ಜಿಬಿ ಕಾರ್ಟ್ರಿಡ್ಜ್‌ನಲ್ಲೇ ಬಂದಿದೆ, ಅಂದ್ರೆ ಮನಸ್ಸು ಮಾಡಿದ್ರೆ ಕಂಪನಿಗಳ ಕೈಲಿ ಆಗುತ್ತೆ. ಹಾಗೆ ಕೊಡೋರ ಗೇಮ್‌ನೇ ಮೊದಲು ಕೊಳ್ಳಿ.

ಪ್ಲೇಸ್ಟೇಷನ್ ಕಡೆ ಹೋಗೋರಿಗೂ ಇದೇ ಮಾತು. ಡಿಸ್ಕ್ ಇಲ್ಲದ ಮಾಡೆಲ್ 50 ಡಾಲರ್ ಅಗ್ಗ ಅಂತ ಆಸೆ ಬೀಳಬೇಡಿ. 2024ರ ಪ್ಲೇಸ್ಟೇಷನ್ 5 ಪ್ರೊ ಅಂತೂ 699 ಡಾಲರ್ ತಗೊಂಡೂ ಡಿಸ್ಕ್ ಡ್ರೈವ್ ಕೊಡ್ಲಿಲ್ಲ, ಅದಕ್ಕೆ ಬೇರೆ 80. ಡ್ರೈವ್ ಇಲ್ಲ ಅಂದ್ರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹಾಕೋಕಾಗಲ್ಲ, ಆಡಿ ಮುಗಿಸಿದ್ದನ್ನ ಮಾರೋಕಾಗಲ್ಲ, ಪಕ್ಕದ ಮನೆಯವರ ಜೊತೆ ಅದಲು ಬದಲು ಮಾಡ್ಕೊಳ್ಳೋಕಾಗಲ್ಲ, ಒಂದೇ ಅಂಗಡಿ ಹೇಳಿದ ಬೆಲೆಗೆ ಕಟ್ಟು ಬೀಳ್ತೀರಿ. ಮೇಲಿನ ಬಿಲ್‌ನಲ್ಲಿ ಗೇಮ್‌ಗಳಿಗೆ ಅಂತ ಹಾಕಿದ 1,400 ಡಾಲರ್‌ನಂಥ ಖರ್ಚನ್ನ ಅರ್ಧಕ್ಕೆ ಇಳಿಸೋ ಶಕ್ತಿ ಇರೋದು ಆ ಡ್ರೈವ್‌ಗೆ. ಎರಡು ಮೂರು ಹಳೆಯ ಡಿಸ್ಕ್ ಕೊಳ್ಳೋಷ್ಟರಲ್ಲಿ ಅದರ ದುಡ್ಡು ವಾಪಸ್ ಬಂದಿರುತ್ತೆ.