ಮೆರವಣಿಗೆಯ ಫೋಟೋ, ಮಧ್ಯಾಹ್ನದ ಪಚಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿಯಿತು. ಮಕ್ಕಳಿಗೂ ರಜೆ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹೊತ್ತು ಹೇಗೆ ಕಳೆಯೋದು ಅಂತ ಕೇಳುವವರಿಗೆ ನಾನು ಎರಡು ಕೆಲಸ ಹೇಳುತ್ತೇನೆ. ತಂಪು ಹೊತ್ತಿನಲ್ಲಿ ಮೆರವಣಿಗೆಗಳ ಫೋಟೋ ತೆಗೆಯಿರಿ. ಮಧ್ಯಾಹ್ನ ಮನೆಯಲ್ಲಿ ಕೂತು ಪಚಡಿ, ಕೋಸಂಬರಿ ಮಾಡಿ.

ಎರಡಕ್ಕೂ ಏನು ಸಂಬಂಧ ಅಂತೀರಾ? ರಾಮನವಮಿ ದಿನ ನೋಡಿ. ಬೀದಿಯಲ್ಲಿ ಮೆರವಣಿಗೆ ಸಾಗುತ್ತಿರುತ್ತದೆ. ಪಕ್ಕದಲ್ಲೇ ಶಾಮಿಯಾನ ಹಾಕಿಕೊಂಡು ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಿರುತ್ತಾರೆ. ನಮ್ಮಲ್ಲಿ ಇವೆರಡೂ ಮೊದಲಿನಿಂದ ಜೊತೆಗೇ ಇವೆ.

ಬೇಸಿಗೆಯಲ್ಲಿ ಮೆರವಣಿಗೆಗಳಿಗೆ ಬರ ಇಲ್ಲ. ಚೈತ್ರದ ಹುಣ್ಣಿಮೆಗೆ ಹಂಪಿ ವಿರೂಪಾಕ್ಷನ ತೇರು. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ. ಅಕ್ಷಯ ತದಿಗೆಗೆ ಬಸವ ಜಯಂತಿ. ಮುನಿರಾಬಾದ್ ಹತ್ತಿರದ ಹುಲಿಗಿಯಲ್ಲಿ ಹುಲಿಗೆಮ್ಮನ ಜಾತ್ರೆ. ಮಳೆ ಬರುವ ಹೊತ್ತಿಗೆ ಎತ್ತುಗಳ ಹಬ್ಬ ಕಾರ ಹುಣ್ಣಿಮೆ. ಕೈಯಲ್ಲಿರುವ ಮೊಬೈಲ್ ಸಾಕು, ದೊಡ್ಡ ಕ್ಯಾಮೆರಾ ಬೇಕೇಬೇಕು ಅಂತಿಲ್ಲ.

ಮೊದಲು ಬೆಳಕಿನ ಮಾತು. ನಡು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಇರುತ್ತಾನೆ. ರುಮಾಲು ಸುತ್ತಿದವರ ಮುಖವೆಲ್ಲ ನೆರಳು, ಕಣ್ಣೇ ಕಾಣುವುದಿಲ್ಲ. ಬಿಸಿಲಿಗೆ ಮೊಬೈಲೂ ಕಾದು ಕ್ಯಾಮೆರಾ ತಾನೇ ಬಂದ್ ಆಗಬಹುದು. ಬೆಳಿಗ್ಗೆ 9ರ ಒಳಗೆ, ಇಲ್ಲವೇ ಸಂಜೆ 5ರ ಮೇಲೆ ಹೋಗಿ. ಆಗ ಬೆಳಕು ಪಕ್ಕದಿಂದ ಬೀಳುತ್ತದೆ, ಮುಖದ ಗೆರೆಗೆರೆಯೂ ಕಾಣುತ್ತದೆ. ತೆಗೆಯುವ ಮುಂಚೆ ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ನಮ್ಮ ಊರುಗಳ ಧೂಳು ಗೊತ್ತಲ್ವಾ! ಪರದೆ ಮೇಲೆ ಮುಖ ಕಾಣುವ ಜಾಗದಲ್ಲಿ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲ್‌ಗಳಲ್ಲಿ ಬೆಳಕು, ಫೋಕಸ್ ಎರಡೂ ಅಲ್ಲೇ ನಿಲ್ಲುತ್ತವೆ. ಜೂಮ್ ಮಾಡಬೇಡಿ, ನಾಲ್ಕು ಹೆಜ್ಜೆ ಮುಂದೆ ಹೋಗಿ.

ಎಲ್ಲಿ ನಿಲ್ಲಬೇಕು? ಬೀದಿಯ ತಿರುವಿನಲ್ಲಿ. ಅಲ್ಲಿ ಮೆರವಣಿಗೆ ನಿಧಾನ ಆಗುತ್ತದೆ, ಹಿಂದಿನ ಸಾಲೂ ಕಾಣುತ್ತದೆ. ತೇರಿನ ವಿಷಯ ಮಾತ್ರ ಬೇರೆ. ಗಾಲಿಯ ಮುಂದೆ, ಹಗ್ಗ ಎಳೆಯುವವರ ಮಧ್ಯೆ ಖಂಡಿತ ನುಗ್ಗಬೇಡಿ. ಯಾರದಾದರೂ ಮಾಳಿಗೆ ಮೇಲೆ ಜಾಗ ಕೇಳಿ. ಉತ್ತತ್ತಿ, ಬಾಳೆಹಣ್ಣು ತೇರಿನತ್ತ ಹಾರುವುದು ಮೇಲಿನಿಂದಲೇ ಚೆನ್ನಾಗಿ ಸಿಗುತ್ತದೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತು. ಎಲ್ಲರ ಮೊಬೈಲೂ ಉತ್ಸವಮೂರ್ತಿಯ ಕಡೆ, ಮುಂದೆ ನಡೆಯುವ ಮುಖಂಡರ ಕಡೆ ತಿರುಗಿರುತ್ತದೆ. ಹಲಗೆ ಅನ್ನುವ ಚರ್ಮವಾದ್ಯ ಬಡಿಯುವವರನ್ನು ಯಾರು ತೆಗೆಯುತ್ತಾರೆ? ಮೆರವಣಿಗೆ ಹೊರಡುವ ಮುಂಚೆ ಒಂದು ಅರ್ಧ ಗಂಟೆ ಮೊದಲೇ ಹೋಗಿ ನೋಡಿ. ಒಂದು ಮೂಲೆಯಲ್ಲಿ ಒಣಹುಲ್ಲು, ಕಾಗದ ಹಚ್ಚಿ ಹಲಗೆ ಕಾಯಿಸುತ್ತಿರುತ್ತಾರೆ. ಶಾಖಕ್ಕೆ ಚರ್ಮ ಬಿಗಿಯಾಗುತ್ತದೆ, ನಾದ ಏರುತ್ತದೆ. ಬೆರಳಿಂದ ತಟ್ಟುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಸಾಲದು ಅನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಆ ಬಿಸಿಲಲ್ಲಿ, ಆ ಬೆಂಕಿಯ ಮುಂದೆ! ಆ ಮುಖ ತೆಗೆಯಿರಿ. ಬಳ್ಳಾರಿಯಲ್ಲಾದರೆ ತಾಷಾ ವಾದ್ಯ ಬಡಿಯುವವರು, ವೇಷ ಕಟ್ಟುವ ಹಗಲುವೇಷದ ಕಲಾವಿದರು. ಮಜ್ಜಿಗೆ ಹಂಚುವ ಅಜ್ಜಿ. ಮೆರವಣಿಗೆ ಹೋದ ಮೇಲೆ ಬೀದಿ ಗುಡಿಸುವ ಅಕ್ಕ.

ಕೇಳಿ ತೆಗೆಯಿರಿ. "ಅಣ್ಣಾ, ಒಂದು ಫೋಟೋ ತೆಗೀಲಾ?" ಅಂದರೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಬಿಟ್ಟುಬಿಡಿ. ಹರಕೆ ತೀರಿಸುವವರ, ಮೈಮೇಲೆ ದೇವರು ಬಂದವರ ಮುಂದೆ ಮೊಬೈಲ್ ಕೆಳಗಿರಲಿ. ತೆಗೆದದ್ದನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಅವರಿಗೇ ಮುಟ್ಟಿಸಿ. ಹಿಂದೆ ಊರು, ತಾರೀಖು ಬರೆಯಿರಿ. ಊರೂರು ತಿರುಗಿ ಬಾರಿಸಿದರೂ ತಾನು ಬಾರಿಸುವ ಒಂದು ಫೋಟೋ ಮನೆಯಲ್ಲಿ ಇಲ್ಲದ ಕಲಾವಿದರು ಇದ್ದಾರೆ.

ಮಧ್ಯಾಹ್ನ ಒಳಗೆ ಬನ್ನಿ. ಅಡುಗೆಮನೆಯಲ್ಲಿ ಒಲೆ ಮುಂದೆ ನಿಲ್ಲುವವರಿಗೆ ಬೇಸಿಗೆಯಲ್ಲಿ ಒಂದು ಹೊತ್ತಾದರೂ ಬಿಡುವು ಸಿಗಬೇಕು. ನಮ್ಮ ಪಚಡಿಗೆ ಬೆಂಕಿಯೇ ಬೇಡ. ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ, ಒಂದು ಮೂಲಂಗಿ. ಸಿಕ್ಕರೆ ಹಕ್ಕರಿಕೆ ಸೊಪ್ಪು. ಸೊಪ್ಪು ಸೋಸುವ ಕೆಲಸ ಮಕ್ಕಳಿಗೆ ಕೊಡಿ. ಎರಡು ಮೂರು ನೀರಲ್ಲಿ ಚೆನ್ನಾಗಿ ತೊಳೆದು, ನೀರು ಬಸಿದು, ಸಣ್ಣಗೆ ಹೆಚ್ಚಿ. ಮೇಲೆ ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಪುಡಿ, ಶೇಂಗಾ ಪುಡಿ, ಒಂದು ಚಮಚ ಹಸಿ ಎಣ್ಣೆ, ನಿಂಬೆರಸ. ಉಪ್ಪು ಮಾತ್ರ ಊಟಕ್ಕೆ ಕೂತ ಮೇಲೆ ಹಾಕಿ. ಸವತೆಕಾಯಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 95 ಭಾಗ ನೀರೇ ಇದೆ. ಉಪ್ಪು ಬಿದ್ದರೆ ಆ ನೀರು ಹೊರಗೆ ಬಿಟ್ಟುಕೊಳ್ಳುತ್ತದೆ, ಕಟುಂ ಅನ್ನುವ ರುಚಿ ಹೋಗುತ್ತದೆ. ಕಡಕ್ ಜೋಳದ ರೊಟ್ಟಿ ಮುರಿದು ಇದರ ಜೊತೆ ತಿಂದರೆ ಬೇರೆ ಪಲ್ಯ ಬೇಕೆನಿಸುವುದಿಲ್ಲ.

ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ಮಾವಿನಕಾಯಿ ತುರಿ ಬಿದ್ದರೆ ನಿಂಬೆಹಣ್ಣು ಬೇಡ. ಒಂದೇ ಎಚ್ಚರ, ನಮ್ಮ ಸೆಕೆಗೆ ನೆನೆದ ಬೇಳೆ ಬೇಗ ಹಳಸುತ್ತದೆ. ಮಾಡಿದ್ದು ಆ ಹೊತ್ತಿಗೇ ಮುಗಿಯಲಿ. ಜಾಸ್ತಿ ಆಯಿತೇ? ಪಕ್ಕದ ಮನೆಗೆ ಒಂದು ಬಟ್ಟಲು ಕಳಿಸಿ.

ಕಾರ ಹುಣ್ಣಿಮೆಗೆ ರಾಯಚೂರಿಗೆ ಬನ್ನಿ. ಮುನ್ನೂರು ಕಾಪು ಸಮಾಜದವರ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ಇರುತ್ತದೆ, ಕಲಾತಂಡಗಳ ಮೆರವಣಿಗೆಯೂ ಇರುತ್ತದೆ. ಬಣ್ಣ ಬಳಿದ ಕೊಂಬು, ಕೊಂಬಿನ ತುದಿಗೆ ಹಾಕುವ ಕೊಂಬಣಸು, ಕೊರಳ ಗೆಜ್ಜೆ ಎಲ್ಲ ತೆಗೆಯಿರಿ. ಎತ್ತಿಗೆ ಫ್ಲ್ಯಾಶ್ ಹೊಡೆಯಬೇಡಿ, ಬೆದರುತ್ತದೆ. ಅದನ್ನು ಸಾಕಿದ ರೈತ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿರುತ್ತಾನೆ. ಅವನ ಊರು ಕೇಳಿ ಬರೆದುಕೊಳ್ಳಿ, ಪ್ರಿಂಟ್ ಕಳಿಸಬೇಕಲ್ವಾ?

ನಮಸ್ಕಾರ.